ಮಹಡಿಯ ಗಣಕದಿಂದ ನಡುಮನೆಯ ನಾದದವರೆಗೆ

ಒಂದು ಕಾಲದಲ್ಲಿ ಗ್ರಾಮಫೋನಿನ ತಟ್ಟೆಗಳೂ, ಅನಂತರ ಕ್ಯಾಸೆಟ್ಟುಗಳೂ, ಅವುಗಳ ಬೆನ್ನಿಗೇ ಸಿ.ಡಿ.ಗಳೂ ತುಂಬಿಕೊಂಡಿದ್ದ ಕಪಾಟಿನ ಸಂಗೀತವೆಲ್ಲ ಇಂದು ಗಣಕಯಂತ್ರದೊಳಗಿನ ಒಂದು ಡಿಸ್ಕಿನಲ್ಲಿ ಅಡಗಿಕೊಂಡಿದೆ, ಇಲ್ಲವೆ ಅಂತರ್ಜಾಲದ ಮೂಲಕ ಆ ಯಂತ್ರಕ್ಕೆ ಹರಿದುಬರುತ್ತಿದೆ. ಮಲ್ಲಿಕಾರ್ಜುನ ಮನ್ಸೂರರ ಖಯಾಲನ್ನಾಗಲಿ, ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠವನ್ನಾಗಲಿ, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನಾಗಲಿ ಕೇಳಬೇಕೆಂದು ಬಯಸಿದವನು ಕುಳಿತಲ್ಲಿಂದ ಏಳದೆಯೇ ಅದನ್ನು ಪಡೆಯಬಹುದಾದ ಈ ಸೌಲಭ್ಯವು ನಮ್ಮ ಹಿರಿಯರಿಗೆ ಊಹೆಗೂ ನಿಲುಕುವಂಥದಾಗಿರಲಿಲ್ಲ. ಆದರೆ ಆ ನಾದವನ್ನು ಅದರ ಸಹಜವಾದ ಗಾತ್ರ ಗಾಂಭೀರ್ಯಗಳೊಡನೆ ಹೊರಡಿಸಬಲ್ಲ ಆಂಪ್ಲಿಫಯರೂ, ಮರದ ಪೆಟ್ಟಿಗೆಯ ದೊಡ್ಡ ಸ್ಪೀಕರುಗಳೂ ಇರುವುದು ನಡುಮನೆಯಲ್ಲಿ; ಗಣಕವಿರುವುದು ಮಹಡಿಯ ಓದುವ ಕೋಣೆಯಲ್ಲಿ. ಇವೆರಡರ ನಡುವಣ ಹತ್ತು ಹದಿನೈದು ಮೀಟರುಗಳ ಅಂತರವನ್ನು ನಾದವು ಕೆಡದಂತೆ ದಾಟುವುದು ಹೇಗೆಂಬುದೇ ಈ ಲೇಖನದ ವಿಷಯ.

ಗಣಕದಲ್ಲಿಯೇ ಸ್ಪೀಕರುಗಳಿರುವಾಗ ಈ ಪ್ರಯಾಸವೇಕೆ ಎಂದು ಕೇಳುವವರುಂಟು. ಮಂದ್ರಸ್ಥಾಯಿಯ ಧ್ವನಿಯನ್ನು ಹುಟ್ಟಿಸಬೇಕಾದರೆ ಹೆಚ್ಚಿನ ಪ್ರಮಾಣದ ಗಾಳಿಯನ್ನು ಹಿಂದುಮುಂದಾಗಿ ತಳ್ಳಬೇಕು. ಅದಕ್ಕೆ ವಿಸ್ತಾರವಾದ ಪಟಲ ಬೇಕು, ಆ ಪಟಲಕ್ಕೆ ಚಲಿಸಲು ಅವಕಾಶ ಬೇಕು. ಲ್ಯಾಪ್‌ಟಾಪಿನೊಳಗೆ ಹುದುಗಿಸಿರುವ ನಾಣ್ಯದಗಲದ ಸ್ಪೀಕರಿಗೆ ಇವೆರಡೂ ಇಲ್ಲವಾದ್ದರಿಂದ ಸುಮಾರು 200 ಹರ್ಟ್ಸಿಗಿಂತ ಕೆಳಗಿನ ಧ್ವನಿಯು ಅದರಿಂದ ಕ್ಷೀಣವಾಗಿ ಹೊರಡುತ್ತದೆ. ಮೃದಂಗದ ಎಡಮುಖದ ಗುಂಕಾರವೂ, ತಂಬೂರಿಯ ಮಂದ್ರದ ತಂತಿಯ ತುಂಬುನಾದವೂ ಇರುವುದು ಆ ಪ್ರಾಂತದಲ್ಲಿಯೇ. ಅವುಗಳನ್ನು ಕಳೆದುಕೊಂಡ ಕಚೇರಿಯಲ್ಲಿ ರಾಗವನ್ನು ಗುರುತಿಸಬಹುದೇ ಹೊರತು ಅದರ ಸುಖವನ್ನು ಅನುಭವಿಸಲಾಗದು. ಅಲ್ಲದೆ ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲಮ್‌ಲೈನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಸ್ಟೀರಿಯೋ ವಿಧಾನದ ಸಾರವೆಂದರೆ, ಎಡಬಲಗಳ ಎರಡು ಸ್ಪೀಕರುಗಳ ನಡುವೆ ಗಾಯಕನೂ ಪಕ್ಕವಾದ್ಯದವರೂ ತಮ್ಮ ತಮ್ಮ ಸ್ಥಾನಗಳಲ್ಲಿ ಕುಳಿತಿರುವರೆಂಬ ಪ್ರತೀತಿಯನ್ನು ಹುಟ್ಟಿಸುವುದು. ಒಂದು ಗೇಣಿನಂತರದಲ್ಲಿರುವ ಸ್ಪೀಕರುಗಳಿಂದ ಅದು ಸಿದ್ಧಿಸುವುದಿಲ್ಲ.

ಗಣಕದಿಂದ ನಮ್ಮ ಕಿವಿಯವರೆಗಿನ ಯಾತ್ರೆಯಲ್ಲಿ ಸಂಗೀತವು ಮೂರು ಅವಸ್ಥೆಗಳನ್ನು ಹಾದುಬರುತ್ತದೆ. ಮೊದಲನೆಯದರಲ್ಲಿ ಅದು ಬರಿಯ ಸಂಖ್ಯೆಗಳ ಸಾಲು. ಎರಡನೆಯದರಲ್ಲಿ, ಸಂಖ್ಯೆಯನ್ನು ವಿದ್ಯುತ್ತಾಗಿಸುವ ಪರಿವರ್ತಕವೊಂದು, ಬಳಕೆಯ ಮಾತಿನಲ್ಲಿ ‘ಡ್ಯಾಕ್’ ಎಂಬುದು, ಅದನ್ನು ಸುಮಾರು 1 ವೋಲ್ಟಿನಷ್ಟು ದುರ್ಬಲವಾದ ವಿದ್ಯುತ್ ಸ್ಪಂದನವನ್ನಾಗಿ ಮಾರ್ಪಡಿಸುತ್ತದೆ. ಮೂರನೆಯದರಲ್ಲಿ ಆಂಪ್ಲಿಫಯರು ಆ ಸ್ಪಂದನಕ್ಕೆ ಬಲವನ್ನು ತುಂಬಿ, ಸ್ಪೀಕರಿನ ಪಟಲವನ್ನು ಅಲುಗಾಡಿಸಬಲ್ಲ ಶಕ್ತಿಯನ್ನಾಗಿ ಕಳುಹಿಸುತ್ತದೆ. ಮಹಡಿಗೂ ನಡುಮನೆಗೂ ನಡುವಣ ದೂರವನ್ನು ಈ ಮೂರರಲ್ಲಿ ಯಾವ ಅವಸ್ಥೆಯಲ್ಲಾದರೂ ದಾಟಿಸಬಹುದು. ಯಾವುದರಲ್ಲಿ ದಾಟಿಸುತ್ತೇವೆಂಬುದರ ಮೇಲೆ ಕೇಳುವ ಸಂಗೀತದ ಶುದ್ಧಿಯು ನಿಂತಿದೆ. ಕೊನೆಯ ಅವಸ್ಥೆಯಿಂದ ಹಿಂದಕ್ಕೆ ಬರುತ್ತ ಒಂದೊಂದನ್ನೂ ಪರೀಕ್ಷಿಸೋಣ.

ಅದಕ್ಕೆ ಮುನ್ನ ಆಂಪ್ಲಿಫಯರಿನ ಹಿಂಭಾಗವನ್ನು ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಅಲ್ಲಿ ಕೆಂಪು ಬಿಳುಪು ಬಣ್ಣದ ದುಂಡನೆಯ ರಂಧ್ರಗಳು ಜೋಡಿಜೋಡಿಯಾಗಿರುತ್ತವೆ. ಅಂಗಡಿಯವರು ಇವನ್ನು ಆರ್‌ಸಿಎ ಸಾಕೆಟ್ಟುಗಳೆನ್ನುತ್ತಾರೆ. ಕೆಂಪು ಬಲಗಡೆಯ ಧ್ವನಿಗೆ, ಬಿಳುಪು ಎಡಗಡೆಯದಕ್ಕೆ. ಪ್ರತಿ ಜೋಡಿಯ ಮೇಲೂ ಫೋನೋ, ಟ್ಯೂನರ್, ಸಿ.ಡಿ., ಆಕ್ಸ್, ಟೇಪ್ ಎಂದು ಹೆಸರು ಬರೆದಿರುತ್ತದೆ. ಗಣಕದ ಇಯರ್‌ಫೋನ್ ರಂಧ್ರಕ್ಕೆ ಸಿಕ್ಕಿಸುವ 3.5 ಮಿಲಿಮೀಟರಿನ ಪಿನ್ನನ್ನು ನೋಡಿದರೆ ಅದರ ಮೈಮೇಲೆ ಎರಡು ಕಪ್ಪುಗೆರೆಗಳು ಕಾಣುತ್ತವೆ; ಆ ಗೆರೆಗಳು ಲೋಹವನ್ನು ಮೂರು ಭಾಗಗಳಾಗಿ ಬೇರ್ಪಡಿಸಿದ್ದು, ತುದಿಯು ಎಡಧ್ವನಿಯನ್ನೂ, ನಡುವಣ ಉಂಗುರವು ಬಲಧ್ವನಿಯನ್ನೂ, ಬುಡವು ಇವೆರಡಕ್ಕೂ ಸಾಮಾನ್ಯವಾದ ಮರಳುದಾರಿಯನ್ನೂ ಒದಗಿಸುತ್ತವೆ. ಒಂದು ತುದಿಯಲ್ಲಿ ಈ ಪಿನ್ನೂ ಮತ್ತೊಂದು ತುದಿಯಲ್ಲಿ ಆರ್‌ಸಿಎ ಜೋಡಿಯೂ ಇರುವ ಕೇಬಲ್ಲು ಎಲ್ಲ ಊರಿನ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಅದನ್ನು ಆಕ್ಸ್ ಅಥವಾ ಸಿ.ಡಿ. ಎಂದು ಬರೆದಿರುವಲ್ಲಿಗೆ ಸೇರಿಸಬೇಕೇ ವಿನಾ ಫೋನೋ ಎಂಬಲ್ಲಿಗೆ ಎಂದಿಗೂ ಸೇರಿಸಬಾರದು. ಗ್ರಾಮಫೋನಿನ ಸೂಜಿಯಿಂದ ಹೊರಡುವುದು ಕೇವಲ 5 ಮಿಲಿವೋಲ್ಟಿನಷ್ಟಾದ್ದರಿಂದ ಫೋನೋ ರಂಧ್ರದ ಹಿಂದೆ ಅದನ್ನು ಬಹುಪಟ್ಟು ಹೆಚ್ಚಿಸುವ, ಮಂದ್ರವನ್ನು ಏರಿಸಿ ತಾರವನ್ನು ತಗ್ಗಿಸುವ ಮಂಡಲವೊಂದಿದೆ. ಗಣಕದ ಒಂದು ವೋಲ್ಟು ಅಲ್ಲಿಗೆ ಹೊಕ್ಕರೆ ಸಂಗೀತದ ಬದಲು ಕರ್ಕಶವಾದ ಅಬ್ಬರ ಹೊರಡುತ್ತದೆ.

ಇನ್ನು ಮೂರನೆಯ ಅವಸ್ಥೆಯಲ್ಲಿ ದೂರವನ್ನು ದಾಟಿಸುವ ವಿಚಾರ. ಆಂಪ್ಲಿಫಯರನ್ನೇ ಮಹಡಿಗೊಯ್ದು ಗಣಕದ ಮಗ್ಗುಲಲ್ಲಿಟ್ಟು, ಅಲ್ಲಿಂದ ನಡುಮನೆಯ ಸ್ಪೀಕರುಗಳಿಗೆ ಉದ್ದನೆಯ ತಂತಿಯನ್ನೆಳೆಯುವುದು ಈ ಮಾರ್ಗ. ಇಲ್ಲಿ ಹರಿಯುವ ವಿದ್ಯುತ್ತು ಬಲವಾದುದಾದ್ದರಿಂದ ಹೊರಗಿನ ಗದ್ದಲವು ಅದರೊಳಗೆ ಸೇರಿ ಕೇಳಿಸುವ ಭಯವಿಲ್ಲ. ಆದರೆ ಸ್ಪೀಕರಿನ ಪ್ರತಿರೋಧವು 8 ಓಮ್ ಅಥವಾ ಅದಕ್ಕೂ ಕಡಮೆಯಾಗಿರುವುದರಿಂದ ತಂತಿಯ ಪ್ರತಿರೋಧವೂ ಲೆಕ್ಕಕ್ಕೆ ಬರುತ್ತದೆ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು 15 ಮೀಟರ್ ದೂರಕ್ಕೆ ಎಳೆದರೆ, ಹೋಗುವ ಬರುವ ದಾರಿಗಳೆರಡೂ ಸೇರಿ 30 ಮೀಟರಾಗಿ, ಸುಮಾರು ಅರ್ಧ ಓಮಿನಷ್ಟು ಪ್ರತಿರೋಧವುಂಟಾಗುತ್ತದೆ. ಸ್ಪೀಕರಿಗೆ ಸಲ್ಲಬೇಕಾದ ಶಕ್ತಿಯಲ್ಲಿ ನೂರಕ್ಕೆ ಆರು ಪಾಲು ತಂತಿಯನ್ನು ಬಿಸಿ ಮಾಡುವುದರಲ್ಲಿಯೇ ವ್ಯರ್ಥವಾಗುತ್ತದೆ. ಎರಡೂವರೆ ಚದರ ಮಿಲಿಮೀಟರಿನ ತಂತಿಯನ್ನು ಬಳಸಿದರೆ ಈ ನಷ್ಟವು ಅರ್ಧಕ್ಕಿಂತಲೂ ಕೆಳಗಿಳಿಯುವುದು ನಿಜ. ಆದರೂ ಧ್ವನಿಯನ್ನು ಏರಿಸಿ ಇಳಿಸುವ ಗುಂಡಿಯು ಮಹಡಿಯಲ್ಲಿಯೂ, ಕೇಳುವವರು ಕೆಳಗೂ ಆಗುವ ಅನನುಕೂಲವು ದಪ್ಪ ತಂತಿಯಿಂದ ಪರಿಹಾರವಾಗುವಂಥದಲ್ಲ.

ಎರಡನೆಯ ಅವಸ್ಥೆಯೇ ಬಹುಮಂದಿ ಹಿಡಿಯುವ ದಾರಿ. ಅಂದರೆ ಗಣಕದ ಇಯರ್‌ಫೋನ್ ರಂಧ್ರದಿಂದ ಆಂಪ್ಲಿಫಯರಿನ ಆಕ್ಸ್ ರಂಧ್ರದವರೆಗೆ ತೆಳ್ಳನೆಯ ಕೇಬಲ್ಲನ್ನೇ ಉದ್ದವಾಗಿ ಎಳೆಯುವುದು. ಇಲ್ಲಿ ಪ್ರತಿರೋಧದ ಭಯವಿಲ್ಲ. ಆಂಪ್ಲಿಫಯರಿನ ದ್ವಾರವು ಹತ್ತು ಸಾವಿರ ಓಮಿಗಿಂತ ಹೆಚ್ಚಿನದಾಗಿರುವುದರಿಂದ ಕೇಬಲ್ಲಿನ ಕೆಲವು ಓಮುಗಳು ಅದರ ಮುಂದೆ ನಗಣ್ಯ. ಕೇಬಲ್ಲಿನ ನಡುವಣ ತಂತಿಗೂ ಅದನ್ನು ಸುತ್ತುವರಿದ ಜಾಲರಿಗೂ ನಡುವೆ ಪ್ರತಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡಿನ ಧಾರಣಶಕ್ತಿ ಇರುತ್ತದೆ. ತಾರಸ್ಥಾಯಿಯ ಸ್ಪಂದನಗಳು ಇದರ ಮೂಲಕ ನುಸುಳಿ ನಷ್ಟವಾಗಬಹುದು. ಸಂಕೇತವನ್ನು ಕಳುಹಿಸುವ ಯಂತ್ರದ ಹೊರದ್ವಾರವು ಹತ್ತು ಸಾವಿರ ಓಮಿನಷ್ಟು ಪ್ರತಿರೋಧವುಳ್ಳದಾದರೆ, 15 ಮೀಟರಿನ ಕೇಬಲ್ಲಿನಲ್ಲಿ ಹತ್ತು ಸಾವಿರ ಹರ್ಟ್ಸಿನ ಆಸುಪಾಸಿನಿಂದಲೇ ಮೇಲಿನ ಧ್ವನಿಯು ಮಸುಕಾಗತೊಡಗುತ್ತದೆ. ಗಣಕದ ಹೊರದ್ವಾರವಾದರೋ ನೂರು ಓಮಿನೊಳಗಿನದು. ಆಗ ಈ ಮಿತಿಯು ಹತ್ತು ಲಕ್ಷ ಹರ್ಟ್ಸಿಗೇರುತ್ತದೆ. ಮನುಷ್ಯನ ಕಿವಿ ಇಪ್ಪತ್ತು ಸಾವಿರಕ್ಕೇ ನಿಲ್ಲುವುದರಿಂದ ಇದೂ ಚಿಂತೆಯ ವಿಷಯವಲ್ಲ.

ನಿಜವಾದ ಶತ್ರು ಬೇರೆಯೇ ಇದೆ. ಜೋಡಣೆ ಮುಗಿಸಿ ಆಂಪ್ಲಿಫಯರನ್ನು ಹಚ್ಚಿದೊಡನೆ, ಹಾಡು ಇನ್ನೂ ಆರಂಭವಾಗದಿರುವಾಗಲೇ, ಸ್ಪೀಕರುಗಳಿಂದ ‘ಗುಂಯ್’ ಎಂಬ ಅವಿಚ್ಛಿನ್ನವಾದ ಸದ್ದು ಹೊರಡುತ್ತದೆ. ಮನೆಯ ವಿದ್ಯುತ್ತು 50 ಹರ್ಟ್ಸಿನದು. ಈ ಸದ್ದು ಅದರದೂ, ಅದರ ಇಮ್ಮಡಿಯಾದ 100 ಹರ್ಟ್ಸಿನದೂ. ಮಹಡಿಯ ಪ್ಲಗ್ಗಿನ ಅರ್ಥಿಂಗೂ ನಡುಮನೆಯ ಪ್ಲಗ್ಗಿನ ಅರ್ಥಿಂಗೂ ಗೋಡೆಯೊಳಗೆ ಬೇರೆ ಬೇರೆ ದಾರಿಗಳಲ್ಲಿ ಸಾಗಿ ಮೀಟರ್ ಬೋರ್ಡಿನ ಬಳಿ ಕೂಡುತ್ತವೆ. ಗಣಕವನ್ನೂ ಆಂಪ್ಲಿಫಯರನ್ನೂ ಕೇಬಲ್ಲಿನಿಂದ ಸೇರಿಸಿದ ಕ್ಷಣವೇ ಈ ಎರಡು ದಾರಿಗಳೂ ಕೇಬಲ್ಲೂ ಸೇರಿ ಮನೆಯನ್ನೆಲ್ಲ ಬಳಸಿಬರುವ ಒಂದು ದೊಡ್ಡ ವಲಯವಾಗುತ್ತದೆ. ಎರಡು ಅರ್ಥಿಂಗುಗಳ ನಡುವೆ ಕೆಲವೇ ಮಿಲಿವೋಲ್ಟಿನ ವ್ಯತ್ಯಾಸವಿದ್ದರೂ ಆ ವಲಯದಲ್ಲಿ ವಿದ್ಯುತ್ತು ಹರಿದು, ಕೇಬಲ್ಲಿನ ಜಾಲರಿಯ ಮೂಲಕ ಸಂಗೀತದೊಡನೆ ಬೆರೆಯುತ್ತದೆ. ಗಾಯಕನ ಆಧಾರ ಷಡ್ಜಕ್ಕೂ ಈ ಸದ್ದಿಗೂ ಯಾವ ಸಂಬಂಧವೂ ಇಲ್ಲದಿರುವುದರಿಂದ, ನಿಧಾನವಾಗಿ ಬೆಳೆಯುವ ಆಲಾಪನೆಯ ಮೌನದ ಎಡೆಗಳಲ್ಲೆಲ್ಲ ಅದು ಶ್ರುತಿಯನ್ನು ಕದಡುತ್ತದೆ. ನಮ್ಮ ಸಂಗೀತಕ್ಕೆ ಇದಕ್ಕಿಂತ ದೊಡ್ಡ ಅಪಚಾರವನ್ನು ತಂತಿಯೊಂದು ಮಾಡಲಾರದು.

ಈ ದೋಷವನ್ನು ಪತ್ತೆಮಾಡುವ ಸುಲಭೋಪಾಯವೊಂದಿದೆ. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು, ಅದು ಬ್ಯಾಟರಿಯ ಮೇಲೆಯೇ ನಡೆಯುವಂತೆ ಮಾಡಿ ಕೇಳಬೇಕು. ಸದ್ದು ಒಡನೆಯೇ ನಿಂತರೆ ಕಾರಣವು ಅರ್ಥಿಂಗಿನ ವಲಯವೆಂದು ನಿಶ್ಚಯಿಸಬಹುದು. ಕೆಲವೊಮ್ಮೆ ಆಂಪ್ಲಿಫಯರಿಗೆ ಸೇರಿಸಿರುವ ಟಿ.ವಿ.ಯ ಕೇಬಲ್ಲೇ ಈ ವಲಯವನ್ನು ಪೂರ್ಣಗೊಳಿಸುತ್ತಿರುತ್ತದೆ. ಅದನ್ನೂ ಕಳಚಿ ನೋಡಬೇಕು. ಆದರೆ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗಿನ ದಪ್ಪ ಪಿನ್ನನ್ನು ಮುರಿದುಹಾಕಿ ಸದ್ದನ್ನಡಗಿಸುವವರ ಉದಾಹರಣೆಯನ್ನು ಯಾರೂ ಅನುಸರಿಸಕೂಡದು. ಯಂತ್ರದೊಳಗಿನ ತಂತಿ ಬಿಟ್ಟು ಅದರ ಲೋಹದ ಮೈಗೆ 230 ವೋಲ್ಟು ತಗುಲಿದರೆ ಮನೆಯವರ ಪ್ರಾಣವನ್ನು ಕಾಪಾಡಬೇಕಾದದ್ದು ಆ ಪಿನ್ನೇ. ನಿರಪಾಯವಾದ ಪರಿಹಾರವೆಂದರೆ ಕೇಬಲ್ಲಿನ ದಾರಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನು ಕೂರಿಸುವುದು. ಬೆಂಕಿಪೊಟ್ಟಣದಷ್ಟೇ ಗಾತ್ರದ ಆ ಡಬ್ಬಿಯಲ್ಲಿ ಸಮಸಂಖ್ಯೆಯ ಸುತ್ತುಗಳುಳ್ಳ ಎರಡು ಸುರುಳಿಗಳು ಒಂದನ್ನೊಂದು ಮುಟ್ಟದೆ ಇರುತ್ತವೆ. ಸಂಗೀತದ ಸ್ಪಂದನವು ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ಅರ್ಥಿಂಗಿನ ಸಂಪರ್ಕವು ಮಾತ್ರ ಅಲ್ಲಿಗೆ ತುಂಡಾಗುತ್ತದೆ. ತೀರ ಅಗ್ಗದ ಡಬ್ಬಿಗಳು ಮಂದ್ರಧ್ವನಿಯನ್ನು ಕುಗ್ಗಿಸುವುದರಿಂದ ಆಯ್ಕೆಯಲ್ಲಿ ವಿವೇಚನೆ ಬೇಕು.

ಆಕಾಶವಾಣಿಯ ಸ್ಟುಡಿಯೋಗಳಲ್ಲಿಯೂ ಸಭಾಭವನಗಳಲ್ಲಿಯೂ ನೂರಾರು ಅಡಿ ದೂರಕ್ಕೆ ಮೈಕಿನ ಕ್ಷೀಣಸಂಕೇತವನ್ನು ಕೊಂಡೊಯ್ಯುವವರು ಅನುಸರಿಸುವ ಕ್ರಮವು ಇನ್ನೂ ಸೂಕ್ಷ್ಮವಾದುದು. ಅವರು ಒಂದೇ ಧ್ವನಿಯನ್ನು ಎರಡು ತಂತಿಗಳಲ್ಲಿ ಪರಸ್ಪರ ವಿರುದ್ಧವಾಗಿ ಕಳುಹಿಸುತ್ತಾರೆ. ಒಂದರಲ್ಲಿ ವೋಲ್ಟು ಏರುವಾಗ ಇನ್ನೊಂದರಲ್ಲಿ ಇಳಿಯುತ್ತದೆ. ಹೊರಗಿನಿಂದ ಬಂದು ತಾಗುವ ಗದ್ದಲವಾದರೋ ಎರಡರಲ್ಲಿಯೂ ಸಮವಾಗಿರುತ್ತದೆ. ಕೊನೆಯಲ್ಲಿ ಎರಡರ ವ್ಯತ್ಯಾಸವನ್ನು ಮಾತ್ರ ಸ್ವೀಕರಿಸಿದಾಗ ಧ್ವನಿಯು ಉಳಿದು ಗದ್ದಲವು ತನಗೆ ತಾನೇ ರದ್ದಾಗುತ್ತದೆ. ಎರಡು ತಂತಿಗಳಿಗೂ ಗದ್ದಲವು ಸಮವಾಗಿ ತಟ್ಟಲೆಂದು ಅವನ್ನು ಒಂದರೊಡನೊಂದು ಹೊಸೆದಿರುತ್ತಾರೆ. ಟೆಲಿಫೋನಿನ ಜನಕನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿಯೇ ಈ ಹೊಸೆದ ಜೋಡಿಗೆ ಪೇಟೆಂಟ್ ಪಡೆದಿದ್ದನು. ಮನೆಯ ಸಾಧಾರಣ ಆಂಪ್ಲಿಫಯರುಗಳಲ್ಲಿ ಇದಕ್ಕೆ ಬೇಕಾದ ದ್ವಾರಗಳಿರುವುದಿಲ್ಲವಾದರೂ, ಇದರ ಹಿಂದಿನ ತತ್ತ್ವವು ಮುಂದೆ ನಮಗೆ ಬೇರೊಂದು ರೂಪದಲ್ಲಿ ಒದಗಿಬರುತ್ತದೆ.

ದೂರ ಹೆಚ್ಚಿದಂತೆ ಗದ್ದಲವೂ ಹೆಚ್ಚುವ ಈ ಸಂಕಟವು ಟೆಲಿಫೋನಿನವರನ್ನು ಬಹುಕಾಲ ಕಾಡಿತ್ತು. ಪ್ರತಿ ನಿಲ್ದಾಣದಲ್ಲಿಯೂ ಧ್ವನಿಯನ್ನು ವರ್ಧಿಸಿದಾಗ ಅದರೊಡನೆ ಬೆರೆತ ಗದ್ದಲವೂ ವರ್ಧಿಸುತ್ತಿತ್ತು. 1937ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಎಂಜಿನಿಯರ್ ಅಲೆಕ್ ರೀವ್ಸ್ ಎಂಬಾತನಿಗೆ ಇದರ ಮೂಲೋತ್ಪಾಟನದ ಉಪಾಯ ಹೊಳೆಯಿತು: ಧ್ವನಿಯ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು, ಅಳತೆಯನ್ನು ಇದೆ ಅಥವಾ ಇಲ್ಲ ಎಂಬ ಎರಡೇ ಸಂಜ್ಞೆಗಳಲ್ಲಿ ಬರೆದು ಕಳುಹಿಸಿದರೆ, ಸ್ವೀಕರಿಸುವವನು ಸಂಜ್ಞೆ ಇದೆಯೋ ಇಲ್ಲವೋ ಎಂಬುದನ್ನಷ್ಟೇ ತೀರ್ಮಾನಿಸಿದರೆ ಸಾಕು, ದಾರಿಯಲ್ಲಿ ಅದು ಎಷ್ಟು ಮಾಸಿದ್ದರೂ ಆ ತೀರ್ಮಾನ ಸಾಧ್ಯವಿರುವವರೆಗೆ ಮೂಲಧ್ವನಿಯನ್ನು ಯಥಾವತ್ತಾಗಿ ಮತ್ತೆ ಕಟ್ಟಬಹುದು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ಬುನಾದಿಯೂ ಇದೇ. ಅದರಲ್ಲಿ ಎಡಬಲಗಳೆರಡನ್ನೂ ಸೆಕೆಂಡಿಗೆ 44,100 ಬಾರಿ ಅಳೆದು, ಒಂದೊಂದು ಅಳತೆಯನ್ನೂ 16 ಸಂಜ್ಞೆಗಳಲ್ಲಿ ಬರೆಯುತ್ತಾರೆ. ಒಟ್ಟು ಸೆಕೆಂಡಿಗೆ 14,11,200 ಸಂಜ್ಞೆಗಳು. ಗಣಕದೊಳಗಿನ ಸಂಗೀತವು ಹೇಗೂ ಈ ರೂಪದಲ್ಲಿಯೇ ಇರುವಾಗ, ಅದನ್ನು ಮಹಡಿಯಲ್ಲಿಯೇ ದುರ್ಬಲವಾದ ವೋಲ್ಟನ್ನಾಗಿಸಿ ಅಪಾಯದ ದಾರಿಯಲ್ಲಿ ನಡೆಸುವುದೇಕೆ? ದೂರವನ್ನು ಸಂಖ್ಯೆಗಳೇ ದಾಟಲಿ. ವಿದ್ಯುತ್ ಸ್ಪಂದನವು ಆಂಪ್ಲಿಫಯರಿನ ಪಕ್ಕದಲ್ಲಿಯೇ ಹುಟ್ಟಲಿ. ಈ ಇಡೀ ವಿಷಯದಲ್ಲಿ ನೆನಪಿನಲ್ಲಿಡಬೇಕಾದ ಸೂತ್ರವಿದ್ದರೆ ಅದು ಇದೊಂದೇ.

ಸಂಖ್ಯೆಗಳನ್ನು ಕಳುಹಿಸುವ ದಾರಿಗಳು ಹಲವು. 1983ರಲ್ಲಿ ತೋಷಿಬಾ ಸಂಸ್ಥೆಯು ಬಳಕೆಗೆ ತಂದ ಆಪ್ಟಿಕಲ್ ಕೇಬಲ್ಲು ಅವುಗಳಲ್ಲೊಂದು. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕಿನ ಎಳೆಯೊಳಗೆ ಕೆಂಪು ಬೆಳಕು ಮಿನುಗುತ್ತ ಸಂಖ್ಯೆಗಳನ್ನು ಒಯ್ಯುತ್ತದೆ. ಬೆಳಕಿನ ದಾರಿಯಲ್ಲಿ ವಿದ್ಯುತ್ತು ಹರಿಯಲಾರದಾದ್ದರಿಂದ ಅರ್ಥಿಂಗಿನ ವಲಯವು ಇಲ್ಲಿ ಹುಟ್ಟುವಂತೆಯೇ ಇಲ್ಲ. ಆದರೆ ಪ್ಲಾಸ್ಟಿಕ್ಕಿನಲ್ಲಿ ಬೆಳಕು ಬೇಗ ಕುಂದುವುದರಿಂದ ಐದರಿಂದ ಹತ್ತು ಮೀಟರಿಗೇ ಇದರ ಮಿತಿ. ಯುಎಸ್‌ಬಿ ಕೇಬಲ್ಲಿನ ಮಿತಿಯೂ 5 ಮೀಟರಷ್ಟೆ. ಗಣಕಜಾಲಕ್ಕೆ ಬಳಸುವ ಲ್ಯಾನ್ ಕೇಬಲ್ಲಾದರೋ 100 ಮೀಟರಿನವರೆಗೆ ನಿರಾತಂಕವಾಗಿ ಸಾಗುತ್ತದೆ. ಅದರ ಹೊದಿಕೆಯನ್ನು ಸೀಳಿ ನೋಡಿದರೆ ಒಳಗೆ ನಾಲ್ಕು ಜೊತೆ ಹೊಸೆದ ತಂತಿಗಳಿವೆ; ಎರಡು ತುದಿಗಳ ಯಂತ್ರಗಳಲ್ಲಿಯೂ ಪುಟ್ಟ ಟ್ರಾನ್ಸ್‌ಫಾರ್ಮರುಗಳು ಕುಳಿತಿವೆ. ಬೆಲ್ಲನ ಹೊಸೆದ ಜೋಡಿಯೂ, ಅರ್ಥಿಂಗನ್ನು ಬೇರ್ಪಡಿಸುವ ಸುರುಳಿಗಳೂ, ರೀವ್ಸನ ಸಂಖ್ಯೆಗಳೂ ಒಂದೇ ಕೇಬಲ್ಲಿನಲ್ಲಿ ಸಮಾವೇಶಗೊಂಡಿರುವ ಈ ದಾರಿಯೇ ತಂತಿಯ ಮಾರ್ಗಗಳಲ್ಲೆಲ್ಲ ಉತ್ತಮವಾದದ್ದೆಂದು ನಾನು ನಂಬುತ್ತೇನೆ.

ತಂತಿಯಿಲ್ಲದೆಯೂ ಕಾರ್ಯವು ಸಾಧ್ಯ. ಬ್ಲೂಟೂತ್ ರಿಸೀವರೊಂದನ್ನು ಆಂಪ್ಲಿಫಯರಿನ ಆಕ್ಸ್ ರಂಧ್ರಕ್ಕೆ ಸೇರಿಸಿದರೆ ಕ್ಷಣಮಾತ್ರದಲ್ಲಿ ಹಾಡು ಬರುತ್ತದೆ, ಖರ್ಚೂ ಕಡಮೆ. ಆದರೆ ಇದರ ಸಾಮಾನ್ಯ ವ್ಯಾಪ್ತಿಯು 10 ಮೀಟರು. ನಡುವೆ ಗೋಡೆಯೂ ಕಾಂಕ್ರೀಟಿನ ಮೇಲ್ಛಾವಣಿಯೂ ಬಂದರೆ ಅದೂ ಕುಗ್ಗುತ್ತದೆ. ಅಲ್ಲದೆ ಎಲ್ಲ ಬ್ಲೂಟೂತ್ ಉಪಕರಣಗಳಿಗೂ ಸಾಮಾನ್ಯವಾದ ಎಸ್‌ಬಿಸಿ ಎಂಬ ಸಂಕೋಚನ ಕ್ರಮದಲ್ಲಿ, ಉತ್ತಮ ದರ್ಜೆಯಲ್ಲಿಯೇ, ಸೆಕೆಂಡಿಗೆ ಸುಮಾರು 3,28,000 ಸಂಜ್ಞೆಗಳು ಮಾತ್ರ ಹೋಗುತ್ತವೆ. ಸಿ.ಡಿ.ಯ ಕಾಲುಭಾಗಕ್ಕಿಂತಲೂ ಕಡಮೆಯಾದ ಇದು ಅಡುಗೆಮನೆಯ ಕೆಲಸದ ನಡುವೆ ಕೇಳುವ ಚಿತ್ರಗೀತೆಗೆ ಸಾಕಾದೀತು. ಕಣ್ಮುಚ್ಚಿ ಕುಳಿತು ಕೇಳುವ ಕಚೇರಿಗೆ ಇದಕ್ಕಿಂತ ಮೇಲಾದದ್ದು ಬೇಕು.

ಅಂಥದು ವೈಫೈ. ಆಪಲ್ ಸಂಸ್ಥೆಯು 2004ರಲ್ಲಿ ಹೊರತಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಎಂಬ ಪುಟ್ಟ ಪೆಟ್ಟಿಗೆಯು ಗಣಕದ ಸಂಗೀತವನ್ನು ವೈಫೈ ಮೂಲಕ ಸ್ವೀಕರಿಸಿ ಸ್ಟೀರಿಯೋಗೆ ಒಪ್ಪಿಸುವ ಕೆಲಸವನ್ನು ಮನೆಮನೆಗೆ ಪರಿಚಯಿಸಿತು. ಆ ಕ್ರಮವೇ 2010ರಲ್ಲಿ ಏರ್‌ಪ್ಲೇ ಎಂಬ ಹೆಸರನ್ನು ತಾಳಿತು. 2012ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವನ್ನು ಒಂದು ಡ್ಯಾಕ್‌ನೊಡನೆ ಆಂಪ್ಲಿಫಯರಿನ ಪಕ್ಕದಲ್ಲಿಟ್ಟು ಇದೇ ಕೆಲಸ ಮಾಡಿಸುವವರು ಇಂದು ಎಷ್ಟೋ ಮಂದಿ. ವೈಫೈ ಸೆಕೆಂಡಿಗೆ ಹಲವು ಕೋಟಿ ಸಂಜ್ಞೆಗಳನ್ನು ಒಯ್ಯಬಲ್ಲದಾದ್ದರಿಂದ ಸಿ.ಡಿ.ಯ ಹದಿನಾಲ್ಕು ಲಕ್ಷವು ಅದಕ್ಕೆ ಭಾರವಲ್ಲ. ಸಂಗೀತದ ಒಂದಂಶವನ್ನೂ ಬಿಡದೆ ಕಳುಹಿಸಬಹುದು. ಗಾಳಿಯಲ್ಲಿ ಬರುವ ಸಂಖ್ಯೆಗಳು ಒಮ್ಮೆ ಧಾರಾಳವಾಗಿಯೂ ಒಮ್ಮೆ ತಡೆತಡೆದೂ ಬರುವುದುಂಟು. ನಲ್ಲಿಯ ನೀರು ಹೊತ್ತುಗೊತ್ತಿಲ್ಲದೆ ಬರುವ ಊರಿನಲ್ಲಿ ಮೇಲಿನ ತೊಟ್ಟಿಯನ್ನು ತುಂಬಿಸಿಟ್ಟುಕೊಂಡು ಎಡೆಬಿಡದೆ ಬಳಸುವಂತೆ, ಸ್ವೀಕರಿಸುವ ಯಂತ್ರವೂ ಕೊಂಚ ಸಂಗೀತವನ್ನು ಮೊದಲು ಕೂಡಿಟ್ಟುಕೊಂಡು ಆಮೇಲೆ ಸಮಗತಿಯಲ್ಲಿ ಬಿಡುತ್ತದೆ. ಗುಂಡಿಯೊತ್ತಿದ ಒಂದೆರಡು ಸೆಕೆಂಡಿನ ಅನಂತರ ಹಾಡು ಆರಂಭವಾಗುವುದು ಇದರಿಂದಲೇ. ಹಾಡಿಗೆ ಇದು ಬಾಧಕವಲ್ಲ. ಆದರೆ ಚಲನಚಿತ್ರವನ್ನು ಗಣಕದ ತೆರೆಯ ಮೇಲೆ ನೋಡುವಾಗ ತುಟಿಗೂ ಮಾತಿಗೂ ಹೊಂದಿಕೆ ತಪ್ಪೀತು.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಗಣಕವೂ ಸ್ಟೀರಿಯೋವೂ ಒಂದೇ ಕೋಣೆಯಲ್ಲಿದ್ದು ಮೂರು ನಾಲ್ಕು ಮೀಟರಿನ ಅಂತರವಿದ್ದರೆ ಸಾಧಾರಣ ಕೇಬಲ್ಲೇ ಸಾಕು. ಎರಡಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ವಿದ್ಯುತ್ತನ್ನು ಕೊಟ್ಟರೆ ಅರ್ಥಿಂಗಿನ ವಲಯವು ಅಷ್ಟರಮಟ್ಟಿಗೆ ಕಿರಿದಾಗಿ ಸದ್ದು ಬಹುಮಟ್ಟಿಗೆ ಅಡಗುತ್ತದೆ. ಅಂತರವು ಅದಕ್ಕಿಂತ ಹೆಚ್ಚಾಗಿ, ನಡುವೆ ಗೋಡೆಯೋ ಮೆಟ್ಟಿಲೋ ಇದ್ದರೆ, ಆಂಪ್ಲಿಫಯರಿನ ಬಳಿ ವೈಫೈ ಅಥವಾ ಲ್ಯಾನ್ ಮೂಲಕ ಸಂಗೀತವನ್ನು ಪಡೆಯುವ ಯಂತ್ರವನ್ನಿಟ್ಟು, ಅಲ್ಲಿಂದ ಒಂದು ಮೊಳದ ಆರ್‌ಸಿಎ ಕೇಬಲ್ಲಿನಿಂದ ಜೋಡಿಸುವುದು ಯುಕ್ತ. ಹೊಸ ಮನೆಯನ್ನು ಕಟ್ಟಿಸುವವರು ಗೋಡೆಗೆ ಗಾರೆಯಾಗುವ ಮುನ್ನವೇ ಓದುವ ಕೋಣೆಯಿಂದ ನಡುಮನೆಗೆ ಲ್ಯಾನ್ ಕೇಬಲ್ಲಿಗಾಗಿ ಪ್ರತ್ಯೇಕವಾದ ಪೈಪೊಂದನ್ನು ಹೂಳಿಸುವುದು ದೂರದೃಷ್ಟಿಯ ಕೆಲಸ. ದೀಪ ಫ್ಯಾನುಗಳ ತಂತಿಯೊಡನೆ ಅದನ್ನು ಒಂದೇ ಪೈಪಿನಲ್ಲಿ ಎಳೆಸಬಾರದು. ದಾಟಲೇಬೇಕಾದಲ್ಲಿ ಅಡ್ಡಹಾಯುವಂತೆ ದಾಟಿಸಬೇಕು.

ಜೋಡಿಸುವ ಹೊತ್ತಿಗೆ ಎರಡು ಎಚ್ಚರಿಕೆಗಳು ಅವಶ್ಯ. ಆಂಪ್ಲಿಫಯರನ್ನು ಆರಿಸಿ, ಅದರ ಗುಂಡಿಯನ್ನು ಪೂರ್ತಿ ತಗ್ಗಿಸಿಯೇ ಪಿನ್ನುಗಳನ್ನು ಸಿಕ್ಕಿಸಬೇಕು. ಹಚ್ಚಿರುವಾಗ ಸಿಕ್ಕಿಸಿದರೆ ಉಂಟಾಗುವ ಆಘಾತವು ಸ್ಪೀಕರಿನ ಪಟಲವನ್ನು ಘಾಸಿಗೊಳಿಸಬಹುದು. ಗಣಕದ ಧ್ವನಿಮಟ್ಟವನ್ನು ಪೂರ್ಣದ ಸಮೀಪದಲ್ಲಿಟ್ಟು ಏರಿಳಿತವನ್ನೆಲ್ಲ ಆಂಪ್ಲಿಫಯರಿನ ಗುಂಡಿಯಿಂದಲೇ ನಡೆಸಬೇಕು. ಗಣಕದಲ್ಲಿ ತಗ್ಗಿಸಿ ಆಂಪ್ಲಿಫಯರಿನಲ್ಲಿ ಏರಿಸಿದರೆ ದಾರಿಯಲ್ಲಿ ಸೇರಿದ ಗದ್ದಲವೇ ದೊಡ್ಡದಾಗುತ್ತದೆ.

ಇಷ್ಟೆಲ್ಲ ಶ್ರಮಕ್ಕೆ ತಕ್ಕ ಫಲವೇನೆಂದರೆ, ಒಬ್ಬೊಬ್ಬರ ಕಿವಿಗೆ ಸಿಕ್ಕಿಸಿದ ಇಯರ್‌ಫೋನುಗಳಲ್ಲಿ ಹಂಚಿಹೋಗಿದ್ದ ಸಂಗೀತವು ಮತ್ತೆ ಮನೆಮಂದಿಯೆಲ್ಲರದಾಗುತ್ತದೆ. ಅಜ್ಜಿಗೆ ಗೊತ್ತಿದ್ದ ದೇವರನಾಮವನ್ನು ಮೊಮ್ಮಗಳೂ, ಮೊಮ್ಮಗಳು ಮೆಚ್ಚಿದ ಹೊಸ ಹಾಡನ್ನು ಅಜ್ಜಿಯೂ ಒಟ್ಟಿಗೆ ಕುಳಿತು ಕೇಳಿದಾಗ ಹುಟ್ಟುವ ಚರ್ಚೆಯೂ ಅಭಿರುಚಿಯೂ ಬೇರೆ ಯಾವ ಶಾಲೆಯಲ್ಲಿಯೂ ದೊರೆಯುವುದಿಲ್ಲ. ಮೂವತ್ತು ನಲವತ್ತು ವರ್ಷಗಳ ಹಿಂದೆ ಕೊಂಡ ಸ್ಟೀರಿಯೋಗಳು ಕ್ಯಾಸೆಟ್ಟಿನೊಡನೆಯೇ ತಮ್ಮ ಕಾಲವೂ ಮುಗಿಯಿತೆಂಬ ತಪ್ಪು ತಿಳಿವಳಿಕೆಯಿಂದ ದಿನವೂ ಗುಜರಿಗೆ ಹೋಗುತ್ತಿವೆ. ಕ್ಯಾಸೆಟ್ಟಿನ ಕಾಲ ಮುಗಿದಿರಬಹುದು, ಆಂಪ್ಲಿಫಯರಿನದೂ ಸ್ಪೀಕರಿನದೂ ಮುಗಿದಿಲ್ಲ. ಅವುಗಳ ಬೆನ್ನಿನಲ್ಲಿ ಆಕ್ಸ್ ಎಂದು ಬರೆದ ಕೆಂಪು ಬಿಳುಪಿನ ಜೋಡಿಯಿದೆಯೇ ಎಂದು ನೋಡಿ; ಇದ್ದರೆ ಇಂದಿನ ಯಾವ ಗಣಕದ ಸಂಗೀತವನ್ನಾದರೂ ಅವು ಸ್ವೀಕರಿಸಬಲ್ಲವು. ಮಾರುವ ಮುನ್ನ ಒಮ್ಮೆ ಜೋಡಿಸಿ ಕೇಳಿ.